ಪ್ಲೇಗಿನ ಮಾರಮ್ಮ

ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಿನ ಮಾರಮ್ಮನೆಂಬ ಹೆಸರಿನ ಗುಡಿಗಳಿವೆ. ಪರದೇಶದ ರೋಗನಾಮವೊಂದು ನಮ್ಮ ಗ್ರಾಮದೇವತೆಯ ನಾಮಧೇಯದೊಡನೆ ಹೀಗೆ ಕೂಡಿಕೊಂಡುದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವವರು, ಆ ಹೆಸರಿಟ್ಟು ಮೊದಲು ಕೈಮುಗಿದವರ ಎದೆಯ ತಲ್ಲಣವೆಂತಹುದಾಗಿತ್ತೆಂಬುದನ್ನು ಒಂದು ಗಳಿಗೆ ಎಣಿಸಿ ನೋಡಬೇಕು.

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ವ್ಯಾಧಿಯು 1898ರ ವೇಳೆಗೆ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕು, ಮುಂದೆ ದಶಕಗಳ ಕಾಲ ಮೈಸೂರು ಸೀಮೆಯ ಊರುಗಳಲ್ಲಿ ಮತ್ತೆಮತ್ತೆ ಮರುಕಳಿಸುತ್ತಲಿತ್ತು. ಅಟ್ಟದಿಂದ ಇಲಿಯೊಂದು ಸತ್ತುಬಿದ್ದರೆ ಸಾಕು, ‘ಇಲಿ ಬಿತ್ತಂತೆ’ ಎಂಬ ಮಾತು ಮನೆಯಿಂದ ಮನೆಗೆ ಹಬ್ಬುವುದು. ಕಂಕುಳಲ್ಲೋ ತೊಡೆಸಂದಿನಲ್ಲೋ ಗಡ್ಡೆ ಎದ್ದವನು ಕೆಲವೇ ದಿನಗಳಲ್ಲಿ ಕಣ್ಮುಚ್ಚುವನು. ಹೆಣಕ್ಕೆ ಹೆಗಲು ಕೊಡಲು ನೆಂಟರಿಷ್ಟರೂ ಹಿಂಜರಿಯುವರು. ಸರ್ಕಾರದವರು ಮನೆಗಳನ್ನು ಶೋಧಿಸಿ ರೋಗಿಗಳನ್ನು ಬೇರೆಡೆಗೆ ಒಯ್ಯತೊಡಗಿದಾಗ, ಸಾವಿಗಿಂತ ಅಗಲಿಕೆಗೇ ಹೆಚ್ಚು ಅಂಜಿದ ಜನರು ರೋಗಿಯನ್ನು ಬಚ್ಚಿಡತೊಡಗಿದರು.

ಈ ದಿಗಿಲಿಗೆ ಹಳ್ಳಿಗಳು ಬಲ್ಲ ಕ್ರಮವೊಂದು ಹಿಂದಿನಿಂದಲೂ ಇತ್ತು. ಸಿಡುಬನ್ನೇ ‘ಅಮ್ಮ’ನೆಂದು ಕರೆದು ಬೇವಿನ ಸೊಪ್ಪಿನಿಂದ ತಣಿಸಿದ ಜನ, ಹೊಸ ಮಾರಿಗೂ ಆ ಮರ್ಯಾದೆಯನ್ನೇ ಸಲ್ಲಿಸಿದರು. ಮನೆಗಳ ಮುಂದೆ ಸಾರಣೆ, ಬಾಗಿಲಿಗೆ ಬೇವಿನ ತೋರಣ. ಉಷ್ಣದ ತಾಯಿಗೆ ತಂಪಾಗಲೆಂದು ಮೊಸರನ್ನ, ಎಳನೀರು, ಅರಿಸಿನದ ನೀರು. ತಂಬಿಟ್ಟಿನ ಆರತಿಯನ್ನು ತಲೆಯ ಮೇಲಿಟ್ಟು ಹೆಂಗಸರು ಸಾಲಾಗಿ ಹೊರಟರೆ ಮುಂದೆ ತಮಟೆ ನಡೆಯುವುದು; ಮಡಿಲಕ್ಕಿ ತುಂಬಿ, “ತಾಯೀ, ಮುನಿಸು ಬಿಟ್ಟು ಹೋಗಿ ಬಾರಮ್ಮ” ಎಂದು ಬೇಡಿ, ದೇವಿಯನ್ನು ಊರ ಗಡಿ ದಾಟಿಸುವರು. ಒಳಗೊಳಗೇ ಕೊರೆಯುತ್ತಿದ್ದ ನಿರಾಕಾರವಾದ ಭೀತಿಗೆ ಮುಖವೊಂದು ದೊರೆತು, ಅದರೊಡನೆ ಮಾತನಾಡುವುದು, ಮುನಿಸಿಕೊಳ್ಳುವುದು, ಕಡೆಗೆ ಅದನ್ನು ಬೀಳ್ಕೊಡುವುದೂ ಸಾಧ್ಯವಾಯಿತೆಂಬುದೇ ಈ ಆಚರಣೆಯ ಸತ್ವವೆಂದು ನಾನು ನಂಬಿದ್ದೇನೆ. ಒಬ್ಬೊಬ್ಬರೇ ಕದವಿಕ್ಕಿಕೊಂಡು ನಡುಗುತ್ತಿದ್ದವರು ಅಂದು ಬೀದಿಗಿಳಿದು ಒಟ್ಟಾಗಿ ನಡೆದರಷ್ಟೆ.

ಪೂಜೆಯಿಂದ ಪ್ಲೇಗು ವಾಸಿಯಾಯಿತೆಂದು ನಾನು ಹೇಳಲಾರೆ. ಇಲಿಯ ಮೈಮೇಲಣ ಚಿಗಟದಿಂದ ರೋಗ ಹರಡುವುದೆಂಬುದನ್ನು ಫ್ರಾನ್ಸಿನ ಸಿಮೊಂಡ್ ಎಂಬ ವೈದ್ಯನು ಕಂಡುಕೊಂಡುದೂ 1898ರಲ್ಲಿಯೇ. ಅದಕ್ಕೆ ಹಿಂದಿನ ವರ್ಷ ಹಾಫ್‌ಕಿನ್ ಎಂಬ ವಿಜ್ಞಾನಿಯು ತಾನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮುಂಬಯಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡು ಪರೀಕ್ಷಿಸಿದ್ದನು. ಆದರೆ ನಮ್ಮ ಜನರ ಭಕ್ತಿಯು ವಿವೇಕಕ್ಕೆ ಅಡ್ಡಬರಲಿಲ್ಲವೆಂಬುದನ್ನು ಮರೆಯುವುದು ಅನ್ಯಾಯ. ಇಲಿ ಬಿದ್ದೊಡನೆ ಊರು ಬಿಡುವುದು ವಾಡಿಕೆಯಾಗಿತ್ತು. ತಲೆತಲಾಂತರದ ಮನೆಗೆ ಬೀಗವಿಕ್ಕಿ, ಹಸುಕರುಗಳನ್ನು ಹೊಡೆದುಕೊಂಡು, ಹೊಲದ ಬಯಲಿನಲ್ಲಿ ಸೋಗೆಯ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಬಾಳುವುದಕ್ಕೆ ಬೇಕಾದ ಎದೆಗಾರಿಕೆ, ಊರನ್ನು ಕಾಯಲು ದೇವಿಯಿದ್ದಾಳೆಂಬ ಭರವಸೆಯಿಲ್ಲದೆ ಅವರಿಗೆ ಬರುತ್ತಿತ್ತೆ? ಪಟ್ಟಣದಲ್ಲಿ ಮಲ್ಲೇಶ್ವರ, ಬಸವನಗುಡಿಗಳಂತಹ ವಿಶಾಲವಾದ ಬಡಾವಣೆಗಳು ಮೇಲೆದ್ದುದೂ ಆ ಮಾರಿಯ ಕಾಲದಲ್ಲಿಯೇ.

ಬೇನೆ ಇಳಿದ ಮೇಲೆ ಮೊದಲು ತೆರೆಯುತ್ತಿದ್ದುದು ಗುಡಿಯ ಬಾಗಿಲು. ಮನೆಗಳೊಳಗೆ ಬಿಸಿಲು ಬೀಳಲೆಂದು ತೆಗೆದಿದ್ದ ಹೆಂಚುಗಳನ್ನು ಗಂಡಸರು ಮತ್ತೆ ಹೊದಿಸುವರು. ಸುಣ್ಣ ಬಳಿದು, ನೆಲ ಸಾರಿಸಿ, ಹೆಂಗಸರು ದೇವರ ಗೂಡಿನ ಧೂಳೊರೆಸಿ ಬತ್ತಿ ಹೊಸೆಯುವರು. ಆಮೇಲೆ ಒಲೆ ಹೊತ್ತುವುದು.