21 ದಿನ ಬೆಳಗಿನ ಜಾವ ಬರೆದರೆ ಕಾದಂಬರಿ ಮುಗಿಯುತ್ತದೆಯೇ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಬೆಳಗಿನ ಜಾವ 4ಕ್ಕೆ ಏಳಿ, ದಿನಕ್ಕೆ 2,000 ಪದ ಬರೆಯಿರಿ, 21 ದಿನ ಬಿಡದೆ ಮಾಡಿ. ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಶುರು. ‘ದೊಡ್ಡ ಲೇಖಕರೆಲ್ಲರ ಗುಟ್ಟು’ ಎಂಬ ತಲೆಬರಹ ಬೇರೆ.

ಚಿಕ್ಕಬಳ್ಳಾಪುರದ ಮಂಡಿಕಲ್ ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿದ್ದರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅಜ್ಜಿಯ ಬದುಕನ್ನು ಕಾದಂಬರಿ ಮಾಡಲು ಹೊರಟು 60 ಪುಟ ಬರೆದಿದ್ದರು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕುವುದರಲ್ಲೇ ದಿನ ಕಳೆದು ಲೆಕ್ಕ ತಪ್ಪಿತು. ಮೂರು ಸಲ ‘ಒಂದರಿಂದ’ ಶುರು ಮಾಡಿ, ಕೊನೆಗೆ ನೋಟ್‌ಬುಕ್ಕನ್ನು ಬೀರುವಿಗೆ ಸೇರಿಸಿದರಂತೆ. “ನನಗೆ ಶಿಸ್ತಿಲ್ಲ ಅಂತಲೇ ಅರ್ಥವಾ?” ಎಂದು ಕೇಳಿದ್ದರು.

ಖಂಡಿತ ಅಲ್ಲ.

21 ದಿನ ಬಂದದ್ದು ಎಲ್ಲಿಂದ?

ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆಯೆಂದರೂ 21 ದಿನ ಬೇಕು ಎಂದು ಅದರಲ್ಲಿ ಹೇಳಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆಯೆಂದರೂ’ ಬಿದ್ದುಹೋಯಿತು, 21 ಉಳಿಯಿತು.

ಇದನ್ನು ಅಳೆದು ನೋಡಿದವರು ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರ ಈ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ಆಗುವಷ್ಟು ಕೂರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ, ಕೆಲವರಿಗೆ 254ರವರೆಗೂ ಬೇಕಾಗಬಹುದೆಂಬ ಅಂದಾಜು ಬಂತು. ಅದೂ ನೀರು ಕುಡಿಯುವುದು, ಹಣ್ಣು ತಿನ್ನುವುದು, ನಡೆಯುವುದು ಇಂಥ ಸಣ್ಣ ಅಭ್ಯಾಸಗಳಿಗೆ. ನಮ್ಮ ಓದುಗರಿಗೆ ಬೇಕಾದ ಮಾತೂ ಅಲ್ಲೇ ಇದೆ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಮತ್ತೆ ಒಂದರಿಂದ ಎಣಿಸಬೇಕೆಂಬ ನಿಯಮಕ್ಕೆ ಆಧಾರವೇ ಇಲ್ಲ.

2,000 ಪದ?

ಸ್ಟೀಫನ್ ಕಿಂಗ್ ‘ಆನ್ ರೈಟಿಂಗ್’ (2000) ಪುಸ್ತಕದಲ್ಲಿ ತಮ್ಮ ದಿನದ ಗುರಿ ಎಂದು ಹೇಳಿಕೊಂಡದ್ದು ಇಷ್ಟೇ. ಆದರೆ ಅವು ಇಂಗ್ಲಿಷ್ ಪದಗಳು. ‘ಬರೆಯಬೇಕಾಗಿತ್ತು’ ಎಂಬ ನಮ್ಮ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ಮೂರು ಪದ ಬೇಕು. ಕನ್ನಡದಲ್ಲಿ 2,000 ಪದ ಎಂದರೆ ಅದಕ್ಕಿಂತ ಎಷ್ಟೋ ಹೆಚ್ಚು ಬರವಣಿಗೆ. ಮೇಲಾಗಿ, ಕಿಂಗ್ ಅವರಿಗೆ ಬರೆಯುವುದೇ ವೃತ್ತಿ.

4 ಗಂಟೆಯೇ ಆಗಬೇಕೇ?

ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿದ್ದ ಆಂಟನಿ ಟ್ರೋಲಪ್ ಬೆಳಗ್ಗೆ 5.30ಕ್ಕೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದರು. ಫ್ರಾಂಜ್ ಕಾಫ್ಕಾ ‘ದಿ ಜಡ್ಜ್‌ಮೆಂಟ್’ ಕಥೆಯನ್ನು 1912ರ ಸೆಪ್ಟೆಂಬರ್ 22ರ ರಾತ್ರಿ 10ಕ್ಕೆ ಶುರು ಮಾಡಿ ಮರುದಿನ ಬೆಳಗ್ಗೆ 6ಕ್ಕೆ ಮುಗಿಸಿದರು. ಇಬ್ಬರೂ ದೊಡ್ಡ ಲೇಖಕರೇ.

ಗಡಿಯಾರ ಯಾವ ಹೊತ್ತು ತೋರಿಸುತ್ತದೆ ಎನ್ನುವುದಕ್ಕಿಂತ, ಹೊತ್ತು ಗೊತ್ತುಮಾಡಿಕೊಂಡು ಕೂರುವುದು ಮುಖ್ಯ ಎನ್ನುವುದಕ್ಕೆ ಒಂದು ಸಣ್ಣ ಪ್ರಯೋಗವಿದೆ. 1983ರಲ್ಲಿ ಪ್ರಕಟವಾದ ಇದನ್ನು ನಡೆಸಿದವರು ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್. 27 ಅಧ್ಯಾಪಕರಲ್ಲಿ ಕೆಲವರು ಮನಸ್ಸು ಬಂದಾಗ ಮಾತ್ರ ಬರೆದರು. ದಿನಕ್ಕೆ ಸರಾಸರಿ 0.9 ಪುಟವಾಯಿತು. ಗೊತ್ತಾದ ಹೊತ್ತಿಗೆ ಬರೆಯಲೇಬೇಕೆಂಬ ಕಟ್ಟುಪಾಡಿದ್ದವರು 3.2 ಪುಟ ಬರೆದರು. ಹೊಸ ಯೋಚನೆಗಳೂ ಇವರಿಗೇ ಹೆಚ್ಚು ಬಂದವು. ಸ್ಫೂರ್ತಿಗಾಗಿ ಕಾಯುವವರಿಗೆ ಇದು ಸ್ವಲ್ಪ ಕಹಿ ಸುದ್ದಿ.

ನಮ್ಮವರು ಹೇಗೆ ಬರೆದರು?

ಹಳೆಯ ಕೋಲಾರ ಜಿಲ್ಲೆಯವರೇ ಆದ ಮಾಸ್ತಿಯವರನ್ನು ನೋಡಿ. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲ ಅವರು ಹೆಚ್ಚಾಗಿ ಬರೆದದ್ದು ಸಣ್ಣಕಥೆ, ಕವಿತೆ, ನಾಟಕ. ದೊಡ್ಡ ಕಾದಂಬರಿಗಳಾದ ‘ಚೆನ್ನಬಸವ ನಾಯಕ’ ಮತ್ತು ‘ಚಿಕವೀರ ರಾಜೇಂದ್ರ’ (1956) ಬಂದದ್ದು ಕೆಲಸ ಬಿಟ್ಟ ನಂತರ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು 1963ರಲ್ಲಿ. ಅಲ್ಲಿಂದ ಮುಂದೆ ಅವರು 40ಕ್ಕೂ ಹೆಚ್ಚು ಕಾದಂಬರಿ ಬರೆದರು.

ಎಸ್.ಎಲ್. ಭೈರಪ್ಪ ‘ಪರ್ವ’ (1979) ಬರೆಯುವಾಗ ಮೈಸೂರಿನಲ್ಲಿ ಅಧ್ಯಾಪಕರಾಗಿದ್ದರು. ಅದಕ್ಕಾಗಿ ಮಹಾಭಾರತದ ಜೊತೆಗೆ ಎಷ್ಟೋ ಗ್ರಂಥ ಓದಿದರು. ಕುರುಕ್ಷೇತ್ರ, ದ್ವಾರಕೆ ಸುತ್ತಿದರು. ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿಯಿದ್ದ ಹಿಮಾಲಯದ ಹಳ್ಳಿಗಳಿಗೂ ಹೋಗಿಬಂದರು. ಫಾರ್ವರ್ಡ್‌ನ ಲೆಕ್ಕದಲ್ಲಿ ಆ ದಿನಗಳೆಲ್ಲ ‘ಸೊನ್ನೆ ಪದ’. ಆ ದಿನಗಳಿಲ್ಲದೆ ‘ಪರ್ವ’ ಇರುತ್ತಿರಲಿಲ್ಲ.

ಮಂಡಿಕಲ್‌ನ ಓದುಗರಿಗೆ ನಾವು ಬರೆದದ್ದು ಇಷ್ಟು: ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ರಷ್ಟು ಖರ್ಚಾಗುವುದು ನಾಲ್ಕನೇ ಜ್ವರದ ನಂತರದ ಒಂದು ವಾರದಲ್ಲಿ. ಆ ವಾರವನ್ನು ಮೊದಲೇ ರಜೆ ಎಂದು ಗುರುತು ಹಾಕಿ. ಉಳಿದ ದಿನ ಯಾವುದಾದರೂ ಒಂದು ಹೊತ್ತಿನ ಸೊಪ್ಪು ಹಾಕಿದ ಮೇಲೆ ಅರ್ಧ ಗಂಟೆ ಕೂತುಕೊಳ್ಳಿ, ಪದ ಎಣಿಸಬೇಡಿ. ಅಜ್ಜಿಯನ್ನು ಕಂಡವರ ಹತ್ತಿರ ಕೂತು ಮಾತಾಡಿದ ದಿನವನ್ನೂ ಬರೆದ ದಿನವೆಂದೇ ಗುರುತು ಮಾಡಿಕೊಳ್ಳಿ.

ಹೋದ ವಾರ ಉತ್ತರ ಬಂತು. ಹುಳು ಚಂದ್ರಿಕೆಗೆ ಹತ್ತಿವೆಯಂತೆ, ನೋಟ್‌ಬುಕ್ ಹೊರಗೆ ಬಂದಿದೆಯಂತೆ. 61ನೇ ಪುಟ ಮಧ್ಯಾಹ್ನ ಮೂರು ಗಂಟೆಗೆ ಬರೆದದ್ದು.