ಥೈರಾಯ್ಡ್ ಮಾತ್ರೆಗೂ ಎದೆ ಉರಿಗೂ ಇರುವ ಹಳೇ ಲೆಕ್ಕ

ನಮ್ಮ ಬಳಗದಲ್ಲೊಬ್ಬರ ಅತ್ತೆಯ ಮನೆ ಇರುವುದು ಅರಳಸುರಳಿ ಕಡೆ. ಅವರು ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ. ಮೊದಲು 50 ಮೈಕ್ರೋಗ್ರಾಂ, ಆಮೇಲೆ 75, ಹೋದ ಮಳೆಗಾಲದಲ್ಲಿ 100. ಆದರೂ ಪೇಟೆಗೆ ಹೋಗಿ ರಕ್ತ ಕೊಟ್ಟು ಬಂದಾಗಲೆಲ್ಲ ಟಿಎಸ್‌ಎಚ್ ಮೇಲೆಯೇ. ಸುಸ್ತು ಹೋಗಿಲ್ಲ, ಮುಖದ ಬಾವು ಇಳಿದಿಲ್ಲ. "ಈ ಮಾತ್ರೆ ನನ್ನ ಮೈಗೆ ಹಿಡಿಯೋದಿಲ್ಲ ಮಾರಾಯ, ಬಿಟ್ಟೇ ಬಿಡ್ತೀನಿ" ಅಂದರು.

ಬೆಳಿಗ್ಗೆ ಏನೇನು ಮಾಡುತ್ತೀರಿ ಅಂತ ಕೂತು ಕೇಳಿದೆವು. ಎದ್ದ ಕೂಡಲೇ ಮಾತ್ರೆ. ರಾತ್ರಿಯಿಡೀ ಎದೆ ಉರಿದಿರುತ್ತದಲ್ಲ, ಅದಕ್ಕೆ ಹಿಂದೆಯೇ ಎರಡು ಚಮಚ ಗುಲಾಬಿ ಬಣ್ಣದ ಔಷಧ. ಹಾಲು ಕರೆದು ಬರುವಷ್ಟರಲ್ಲಿ ಕಾಫಿ. ತಿಂಡಿಗೆ ಮೊದಲು ಅಂಗಡಿಯಿಂದ ತಂದ ಗ್ಯಾಸ್ಟ್ರಿಕ್ ಮಾತ್ರೆ. ಇದನ್ನು ಡಾಕ್ಟರಿಗೆ ಹೇಳಿದ್ದೀರಾ ಅಂದರೆ, "ಅದು ಹೊಟ್ಟೆದು, ಇದು ಗಂಟಲದು. ಯಾಕೆ ಹೇಳೋದು?"

ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಂಟಲು ಊದುವ ರೋಗವನ್ನು ನಮ್ಮವರು ಬಹಳ ಹಿಂದೆಯೇ ಗುರುತಿಸಿದ್ದರು. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಗಳಗಂಡ ಎಂಬ ಹೆಸರಿದೆ. ಎದೆ ಉರಿ, ಹುಳಿತೇಗಿನ ಅಮ್ಲಪಿತ್ತವನ್ನು ಕಾಶ್ಯಪ ಸಂಹಿತೆ, ಮಾಧವ ನಿದಾನಗಳು ಬೇರೆಯೇ ರೋಗವಾಗಿ ವಿವರಿಸುತ್ತವೆ. ಅಂದರೆ ಅತ್ತೆ ಹೇಳಿದ ಹಾಗೆಯೇ, ಗಂಟಲದು ಬೇರೆ, ಹೊಟ್ಟೆದು ಬೇರೆ.

ಮಲೆನಾಡಿನಂಥ ಕಡೆ ಗಳಗಂಡಕ್ಕೆ ನೆಲವೇ ಒಂದು ಕಾರಣ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು. ಗುಡ್ಡದ ಮಣ್ಣನ್ನು ಸಾವಿರಾರು ವರ್ಷ ಮಳೆ ತೊಳೆದರೆ ಅದರಲ್ಲಿನ ಅಯೋಡಿನ್ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಉಪ್ಪು ಸಮುದ್ರದಿಂದಲೇ ಬರುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಕೆಳದಿ ಅರಸರ ಕಾಲದಲ್ಲೂ ಅಕ್ಕಿ, ಮೆಣಸು ಘಟ್ಟ ಇಳಿಯುತ್ತಿತ್ತು, ಉಪ್ಪು, ಒಣಮೀನು ಘಟ್ಟ ಹತ್ತುತ್ತಿತ್ತು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇವತ್ತೂ ಗದ್ದೆ ಕಟ್ಟಿ ಉಪ್ಪು ತೆಗೆಯುತ್ತಾರೆ. ಆದರೆ ಬಿಸಿಲಿಗೆ ಒಣಗಿಸಿದ ಹರಳುಪ್ಪಿನಲ್ಲಿ ಉಳಿಯುವ ಅಯೋಡಿನ್ ತೀರಾ ಕಡಿಮೆ. ಅದು ನಿಜವಾಗಿ ಇದ್ದದ್ದು ಜೊತೆಗೆ ಬಂದ ಮೀನಿನಲ್ಲಿ. ಮೀನು ಮುಟ್ಟದ ಮನೆಗಳಿಗೆ ಉಪ್ಪಷ್ಟೇ ಸಿಕ್ಕಿತು. ಅದೂ ಮಳೆಗಾಲದಲ್ಲಿ ಮರದ ಉಪ್ಪಿನ ಮರಿಗೆಯಲ್ಲಿ ಕೂತು ನೀರು ಸೋರುತ್ತಿತ್ತು.

ಇನ್ನೊಂದು, ಕಳಲೆ. ಬಿದಿರಿನ ಎಳೆ ಮೊಳಕೆಯಲ್ಲಿರುವ ವಿಷದ ಅಂಶ ಮೈಯೊಳಗೆ ಹೋಗಿ, ಥೈರಾಯ್ಡಿಗೆ ಅಯೋಡಿನ್ ಸೇರದಂತೆ ತಡೆಯುವ ವಸ್ತುವಾಗಿ ಮಾರ್ಪಡುತ್ತದೆ. ನಮ್ಮ ಅಜ್ಜಿಯರು ಕಳಲೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿಡುತ್ತಿದ್ದರಲ್ಲ, ಆ ವಿಷ ಬಹುಪಾಲು ಹೋಗುವುದು ಅದರಿಂದಲೇ. ಹಾಗೆ ನೆನೆಸಿ, ಬೇಯಿಸಿ, ಮಳೆಗಾಲದಲ್ಲಿ ನಾಲ್ಕು ಸಲ ಪಲ್ಯ ಮಾಡಿ ತಿಂದರೆ ಹೆದರಬೇಕಾಗಿಲ್ಲ.

ಪರಿಹಾರ ಉಪ್ಪಿನಿಂದಲೇ ಬಂತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿ, ಎರಡು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಕೊಟ್ಟು ನೋಡಿದರು. ಐದಾರು ವರ್ಷದಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಅರ್ಧಕ್ಕಿಂತ ಕೆಳಗಿಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದಕ್ಕೆ ಇಡೀ ದೇಶದಲ್ಲಿ ತಡೆ ಬಂತು, 2000ದಲ್ಲಿ ಅದು ತೆರವಾಯಿತು, 2006ರಲ್ಲಿ ಮತ್ತೆ ಬಂತು. ಪೊಟ್ಟಣದ ಮೇಲೆ ನಗುವ ಸೂರ್ಯನ ಚಿತ್ರ ಇರುತ್ತದೆ, ನೋಡಿ. ನಮ್ಮ ಕೈಗೆ ಬರುವಾಗ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು ಅನ್ನುವುದು ನಿಯಮ.

ಹಾಗಾದರೆ ಈಗಲೂ ಊರಿಗೆ ಇಷ್ಟು ಜನ ಥೈರಾಯ್ಡ್‌ನವರು ಯಾಕೆ? ಬೆಂಗಳೂರೂ ಸೇರಿ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡವರ ಪೈಕಿ ನೂರಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕಡಿಮೆ ಇತ್ತು. ಇವರಲ್ಲಿ ಬಹಳ ಜನಕ್ಕೆ ಕಾರಣ ಉಪ್ಪಲ್ಲ. ಮೈಯ ರಕ್ಷಣಾ ಶಕ್ತಿಯೇ ತಪ್ಪಿ ಆ ಗ್ರಂಥಿಯನ್ನು ತಿನ್ನುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಾಶಿಮೊಟೊ ಹೆಸರಲ್ಲೇ ಈ ರೋಗ ಇದೆ. ಇದಕ್ಕೆ ಉಪ್ಪು ಜಾಸ್ತಿ ತಿಂದರೆ ಆಗುವುದಿಲ್ಲ, ಗ್ರಂಥಿ ಕೊಡದ ರಸವನ್ನು ಹೊರಗಿಂದಲೇ ಕೊಡಬೇಕು.

ಹೊರಗಿಂದ ಕೊಡುವ ಕಥೆ ಸ್ವಾರಸ್ಯವಾಗಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡಿನ ರಸ ತೆಗೆದು, 46 ವರ್ಷದ ಒಬ್ಬ ಹೆಂಗಸಿಗೆ ಸೂಜಿಯಲ್ಲಿ ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಆಕೆ ಮುಂದೆ 28 ವರ್ಷ ಬದುಕಿದಳು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಮರುವರ್ಷವೇ ಇನ್ನೊಬ್ಬ ವೈದ್ಯರು, ಸೂಜಿ ಯಾಕೆ, ಗ್ರಂಥಿಯನ್ನೇ ಸ್ವಲ್ಪ ಹುರಿದು ತಿನ್ನಿಸಿದರೂ ಆಗುತ್ತದೆ ಅಂತ ತೋರಿಸಿದರು. ಔಷಧ ಹೊಟ್ಟೆಯ ದಾರಿ ಹಿಡಿದದ್ದು ಅಲ್ಲಿಂದ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಅದರ ಸಾರವನ್ನು ಹರಳಾಗಿ ಬೇರ್ಪಡಿಸಿದರು. ಆಮೇಲೆ ಸುಮಾರು ಮೂರು ಟನ್ ಹಂದಿ ಗ್ರಂಥಿಯಿಂದ ಅವರಿಗೆ ಸಿಕ್ಕಿದ್ದು 33 ಗ್ರಾಂ. 1927ರ ಹೊತ್ತಿಗೆ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಅತ್ತೆಯ ಡಬ್ಬಿಯಲ್ಲಿರುವ ಲೆವೊಥೈರಾಕ್ಸಿನ್ ಇದೇ ವಂಶದ್ದು.

ಈಗ ಹೊಟ್ಟೆಯ ಕಡೆ ಬರೋಣ. ಎದೆ ಉರಿಗೆ ನಮ್ಮಲ್ಲಿ ಜೀರಿಗೆ ಕಷಾಯ, ಒಂದೆಲಗದ ತಂಬುಳಿ, ತೀರಾ ಆದರೆ ಅಡುಗೆ ಸೋಡಾ. ನಂತರ ಅಲ್ಯುಮಿನಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಇರುವ ಔಷಧಗಳು ಬಂದವು. ಇವೆಲ್ಲ ಇರುವ ಹುಳಿಯನ್ನು ತಣಿಸುವಂಥವು. 1976ರಲ್ಲಿ ಸಿಮೆಟಿಡಿನ್, 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂದಾಗ ಲೆಕ್ಕವೇ ಬದಲಾಯಿತು. ಇವು ಹುಳಿ ಹುಟ್ಟುವುದನ್ನೇ ಕಡಿಮೆ ಮಾಡುತ್ತವೆ. ಇವತ್ತು ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತರುವ ಪ್ಯಾಂಟೊಪ್ರಜೋಲ್ ಒಮೆಪ್ರಜೋಲಿನ ತಮ್ಮ.

ತೊಡಕು ಇಲ್ಲೇ. ಥೈರಾಯ್ಡ್ ಮಾತ್ರೆ ಚೆನ್ನಾಗಿ ಕರಗಿ ರಕ್ತ ಸೇರಬೇಕಾದರೆ ಹೊಟ್ಟೆಯಲ್ಲಿ ಹುಳಿ ಬೇಕು. 2006ರಲ್ಲಿ ಇಟಲಿಯ ವೈದ್ಯರು ಇದನ್ನು ತೋರಿಸಿದರು. ಹೊಟ್ಟೆಯ ಹುಳಿ ಕಡಿಮೆಯಾದ ರೋಗಿಗಳಿಗೆ ಅದೇ ಪರಿಣಾಮಕ್ಕೆ ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನಷ್ಟು ಹೆಚ್ಚು ಔಷಧ ಬೇಕಾಗಿತ್ತು. ಒಮೆಪ್ರಜೋಲ್ ತೆಗೆದುಕೊಂಡವರಲ್ಲೂ ಅದೇ ಪಾಡು. ಕ್ಯಾಲ್ಸಿಯಂ, ಅಲ್ಯುಮಿನಿಯಂ ಇರುವ ಔಷಧಗಳದ್ದು ಬೇರೆ ಜಗಳ. ಅವು ಥೈರಾಯ್ಡ್ ಮಾತ್ರೆಯನ್ನೇ ಹಿಡಿದಿಟ್ಟುಕೊಂಡು ಕರುಳಿನಲ್ಲಿ ಹೊರಗೆ ಸಾಗಿಸಿಬಿಡುತ್ತವೆ. ಕಾಫಿಯೂ ಕಡಿಮೆಯದಲ್ಲ. ಮಾತ್ರೆಯ ಜೊತೆಗೇ ಕಾಫಿ ಕುಡಿದರೆ ಅದು ರಕ್ತ ಸೇರುವುದು ಕಡಿಮೆಯಾಗುತ್ತದೆ ಅಂತ 2008ರಲ್ಲಿ, ಅದೂ ಇಟಲಿಯವರೇ, ಕಂಡುಕೊಂಡರು. ಕಾಫಿ ಹುಚ್ಚಿನ ಊರವರಿಗೆ ತಾನೆ ಅದು ಹೊಳೆಯುವುದು!

ಈ ಎರಡು ಜಗಳಗಳ ವ್ಯತ್ಯಾಸ ಮುಖ್ಯ. ಗುಲಾಬಿ ಔಷಧ, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇವಕ್ಕೆ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ಅಂತರ ಕೊಟ್ಟರೆ ಸಾಕು. ಪ್ಯಾಂಟೊಪ್ರಜೋಲ್ ಹಾಗಲ್ಲ. ಅದು ಇಡೀ ದಿನ ಹುಳಿ ತಗ್ಗಿಸುವುದರಿಂದ ಹೊತ್ತು ಬದಲಿಸಿ ಪ್ರಯೋಜನವಿಲ್ಲ. ಅದು ನಿಜವಾಗಿ ಬೇಕೇ ಅಂತ ಡಾಕ್ಟರ್ ಹೇಳಬೇಕು. ಬೇಕು ಅಂದರೆ ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿ ಥೈರಾಯ್ಡ್ ಮಾತ್ರೆಯನ್ನು ಹೊಂದಿಸಬೇಕು. ಬಿಡುವಾಗಲೂ ಅಷ್ಟೇ. ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿ ಥೈರಾಯ್ಡ್ ಮಾತ್ರೆ ಏರಿಸಿದಷ್ಟೇ ಇಟ್ಟರೆ ಎದೆ ಡವಡವ, ನಡುಕ ಶುರುವಾಗಬಹುದು.

ಉರಿಗೆ ಔಷಧವಿಲ್ಲದ ದಾರಿಗಳೂ ಇವೆ. ರಾತ್ರಿ ಊಟ ಬೇಗ ಮುಗಿಸಿ ಎರಡು ಮೂರು ಗಂಟೆ ಬಿಟ್ಟು ಮಲಗುವುದು, ಮಂಚದ ತಲೆ ಕಡೆಯ ಕಾಲಿಗೆ ಇಟ್ಟಿಗೆ ಕೊಡುವುದು, ಎಡ ಮಗ್ಗುಲಿಗೆ ಮಲಗುವುದು. ಊಟದ ಮೇಲಿನ ಎಲೆಯಡಿಕೆಗೆ ತಂಬಾಕು ಸೇರಿದ್ದರೆ ಅದನ್ನು ಬಿಡಬೇಕು. ಹೊಟ್ಟೆಯ ಮೇಲಿನ ಬಾಗಿಲನ್ನು ತಂಬಾಕು ಸಡಿಲ ಮಾಡುತ್ತದೆ. ಸೋಡಾ ದಿನಾ ಬೇಡ, ಬಿಪಿ ಇದ್ದವರಿಗಂತೂ ಬೇಡವೇ ಬೇಡ. ನಡೆಯುವಾಗ ಎದೆ ಹಿಡಿದುಕೊಂಡರೆ, ಎಡಗೈಗೆ ಅಥವಾ ದವಡೆಗೆ ನೋವು ಹರಿದರೆ, ಬೆವರಿದರೆ ಅದನ್ನು ಗ್ಯಾಸ್ ಅಂತ ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನುಂಗುವಾಗ ಸಿಕ್ಕಿಕೊಳ್ಳುವುದು, ಮಲ ಕಪ್ಪಗಾಗುವುದು ಇದ್ದರೂ ತಡ ಮಾಡಬಾರದು.

ಅತ್ತೆ ಅಷ್ಟೂ ಔಷಧವನ್ನು ಒಂದು ಕವರಿನಲ್ಲಿ ತುಂಬಿಕೊಂಡು ಡಾಕ್ಟರ್ ಮುಂದೆ ಸುರಿದರು. ಗ್ಯಾಸ್ಟ್ರಿಕ್ ಮಾತ್ರೆ ಕ್ರಮೇಣ ನಿಂತಿತು, ಗುಲಾಬಿ ಔಷಧ ಬೇಕಾದಾಗ ಮಾತ್ರ, ಮಧ್ಯಾಹ್ನದ ಊಟದ ಮೇಲೆ. ಥೈರಾಯ್ಡ್ ಮಾತ್ರೆ ಮಲಗುವಾಗ ತೆಗೆದುಕೊಂಡರೂ ನಡೆಯುತ್ತದೆ, 2010ರಲ್ಲಿ ನೆದರ್ಲೆಂಡ್ಸ್‌ನ 90 ರೋಗಿಗಳಲ್ಲಿ ಹಾಗೆ ಕೊಟ್ಟಾಗ ಫಲಿತಾಂಶ ಇನ್ನೂ ಚೆನ್ನಾಗಿತ್ತು ಅಂತ ನಾವು ಹೇಳಿದೆವು. ಆದರೆ ಅದಕ್ಕೆ ಊಟವಾಗಿ ಮೂರು ಗಂಟೆ ಆಗಿರಬೇಕು. "ಅಷ್ಟು ಹೊತ್ತು ಯಾರು ಎಚ್ಚರ ಇರೋದು" ಅಂತ ಅತ್ತೆ ಒಪ್ಪಲಿಲ್ಲ. ಈಗ ಐದು ಗಂಟೆಗೆ ಬರೀ ನೀರಲ್ಲಿ ಮಾತ್ರೆ, ಕೊಟ್ಟಿಗೆ ಕೆಲಸ ಪೂರ್ತಿ ಮುಗಿಸಿ ಆರು ಗಂಟೆಗೆ ಕಾಫಿ. ಎರಡು ತಿಂಗಳಿಗೆ ಟಿಎಸ್‌ಎಚ್ ಹದಕ್ಕೆ ಬಂತು, ಅದರ ಮುಂದಿನ ಸಲ ಡಾಕ್ಟರ್ 100ನ್ನು ಮತ್ತೆ 75ಕ್ಕೆ ಇಳಿಸಿದರು. ಆ ಒಂದು ಗಂಟೆ ಕಾಫಿಗೆ ಕಾಯುವುದೇ ದೊಡ್ಡ ರೋಗ ಅಂತ ಅವರು ಈಗಲೂ ಗೊಣಗುತ್ತಾರೆ.