ಆಟದ ಕ್ಯಾಸೆಟ್ಟೂ ಹಗಲುವೇಷದ ಯಂತ್ರವೂ

ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಪಂಚಾಂಗಗಳ ಕಟ್ಟಿನ ಪಕ್ಕದಲ್ಲಿ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಬಿದ್ದಿರಬಹುದು. 1990ರ ದಶಕದಲ್ಲಿ ಮನೆಯ ಮಕ್ಕಳು ಅದನ್ನು ಟೆಲಿವಿಷನ್ನಿಗೆ ಜೋಡಿಸಿದ ಪೆಟ್ಟಿಗೆಯೊಳಗೆ ತುರುಕಿ, ದಪ್ಪ ಮೀಸೆಯ ಮಾರಿಯೋನನ್ನು ಬೇಸಿಗೆಯ ರಜೆಯುದ್ದಕ್ಕೂ ಕುಣಿಸುತ್ತಿದ್ದುದು ನಿಮಗೆ ನೆನಪಿರಬೇಕು. ಅದಕ್ಕೆ ನಾವು ಕ್ಯಾಸೆಟ್ ಎಂದೆವು. ಹಾಡಿನ ಕ್ಯಾಸೆಟ್ಟಿನಂತೆ ಒಳಗೆ ಸುರುಳಿಯೂ ಇಲ್ಲ, ಟೇಪೂ ಇಲ್ಲ. ಹಾಗೆಂದು ಹೆಸರಿಗೆ ನಾಚಬೇಕಾಗಿಲ್ಲ. ಆ ಆಟ ಹುಟ್ಟಿದ ಜಪಾನಿನ ಮಕ್ಕಳೂ ಅದನ್ನು ಕ್ಯಾಸೆಟ್ ಎಂದೇ ಕರೆದರು.

ಆ ಪೆಟ್ಟಿಗೆ ಈಗ ಕೆಟ್ಟು ಕೂತಿರುತ್ತದೆ. ಆದರೆ ಅದೇ ಆಟವನ್ನು ನಿಮ್ಮ ಮೊಮ್ಮಗ ಅಂಗೈಯ ಫೋನಿನಲ್ಲಿ ಆಡುತ್ತಿರುವುದನ್ನು ನೀವು ನೋಡಿರಬಹುದು. ಇದು ಹೇಗೆ ಸಾಧ್ಯ? ಸಾಧ್ಯವಾದರೂ ನ್ಯಾಯವೆ? ಎರಡು ಪ್ರಶ್ನೆಗಳಿಗೂ ಒಂದೇ ಬಾಗಿಲಿನಿಂದ ಒಳಹೊಗಬೇಕು: ಯಂತ್ರ ಬೇರೆ, ಆಟ ಬೇರೆ. ಬಾನುಲಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಡಿಯೋ ಪೆಟ್ಟಿಗೆಯನ್ನು ಯಾರೂ ಕಟ್ಟಬಹುದು. ಅದರಲ್ಲಿ ಹಾಡಿದ ಗಾಯಕನ ಹಾಡು ಪೆಟ್ಟಿಗೆ ಕಟ್ಟಿದವನದಾಗುವುದಿಲ್ಲ.

ಯಂತ್ರವೂ ಆಟವೂ ಹೀಗೆ ಬೇರ್ಪಟ್ಟದ್ದು 1976ರಲ್ಲಿ. ಅದಕ್ಕೆ ಮೊದಲು ಮನೆಯಲ್ಲಿಟ್ಟು ಆಡುವ ಪೆಟ್ಟಿಗೆಗಳಲ್ಲಿ ಆಟವೆಲ್ಲ ಅದರ ತಂತಿ-ಚಿಪ್ಪುಗಳಲ್ಲೇ ಹೊಸೆದುಕೊಂಡಿರುತ್ತಿತ್ತು. ಬೇಸರವಾದರೆ ಪೆಟ್ಟಿಗೆಯನ್ನೇ ಬದಲಿಸಬೇಕು. ಅಮೆರಿಕದ ಫೇರ್‌ಚೈಲ್ಡ್ ಕಂಪನಿ ಆ ವರ್ಷ ಚಾನೆಲ್ ಎಫ್ ಎಂಬ ಯಂತ್ರವನ್ನು ಮಾರಾಟಕ್ಕಿಟ್ಟಿತು. ಜೆರ್ರಿ ಲಾಸನ್ ಎಂಬ ಕರಿಯ ಜನಾಂಗದ ಎಂಜಿನಿಯರ್ ಮುಂದೆ ನಿಂತು ರೂಪಿಸಿದ ಈ ಯಂತ್ರದಲ್ಲಿ ಆಟ ಬೇರೆಯ ಡಬ್ಬಿಯೊಳಗೆ ಇರುತ್ತಿತ್ತು. ಕಿತ್ತು ಇನ್ನೊಂದನ್ನು ಹಾಕಿದರೆ ಇನ್ನೊಂದು ಆಟ. ಮರುವರ್ಷ ಅಟಾರಿಯ ಯಂತ್ರ ಬಂತು. 1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಕಂಪನಿ, ಮಸಾಯುಕಿ ಉಯೆಮುರಾ ಅವರು ರೂಪಿಸಿದ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ನಮ್ಮ ಪೇಟೆಗಳಿಗೆ ಬಂದು ಕೂತ ಬಗೆಬಗೆಯ ಪೆಟ್ಟಿಗೆಗಳು ಬಹುಮಟ್ಟಿಗೆ ಇದರ ನಕಲುಗಳೇ.

ಡಬ್ಬಿಯನ್ನು ಬಿಚ್ಚಿ ನೋಡೋಣ. ಒಂದು ಹಸಿರು ಹಲಗೆ, ಅದರ ಅಂಚಿನಲ್ಲಿ ಹೊಳೆಯುವ 60 ಹಲ್ಲುಗಳು, ಮೇಲೆ ಒಂದೆರಡು ಚಿಪ್ಪುಗಳು, ಇಷ್ಟೆ. ಚಿಪ್ಪಿನೊಳಗೆ ಸಾಲುಮನೆಗಳಂತೆ ಸಾವಿರಾರು ಕೋಣೆಗಳು, ಪ್ರತಿ ಕೋಣೆಯಲ್ಲೂ ಅಳಿಸಲಾಗದಂತೆ ಅಚ್ಚೊತ್ತಿದ ಒಂದು ಸಂಖ್ಯೆ. ಯಂತ್ರ ‘ಇಂಥ ನಂಬರಿನ ಮನೆಯಲ್ಲಿ ಏನಿದೆ?’ ಎಂದು ಕೇಳುತ್ತದೆ. ಚಿಪ್ಪು ಉತ್ತರ ಕೊಡುತ್ತದೆ. ಕ್ಯಾಸೆಟ್ಟನ್ನು ನಕಲು ಮಾಡುವುದೆಂದರೂ ಇದೇ ಕೆಲಸ. ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಅಂಚೆಯವನಂತೆ ಬಾಗಿಲು ತಟ್ಟುತ್ತ ಹೋಗಿ ಎಲ್ಲ ಉತ್ತರಗಳನ್ನೂ ಒಂದು ಕಡತದಲ್ಲಿ ಬರೆದುಕೊಳ್ಳುವುದು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಕಡತ ಬರಿಯ 40 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಭಾವಚಿತ್ರ ಇದರ ಹತ್ತಾರು ಪಟ್ಟು ಜಾಗ ಹಿಡಿಯುತ್ತದೆ.

ಆದರೆ ಕಡತವನ್ನು ಫೋನಿಗೆ ಕೊಟ್ಟರೆ ಅದಕ್ಕೆ ಏನೂ ತಿಳಿಯದು, ಭಾಷೆಯೇ ಬೇರೆ. ಇಲ್ಲಿ ಬರುತ್ತದೆ ಎಮ್ಯುಲೇಟರ್. ಇದನ್ನು ಹಗಲುವೇಷದವನೆನ್ನಬಹುದು. ಫೋನು ಫ್ಯಾಮಿಕಾಮಿನ ವೇಷ ಕಟ್ಟಿ, ಅದರ ನಡೆ ನುಡಿಗಳನ್ನೇ ನಟಿಸುತ್ತದೆ. ಆಟಕ್ಕೆ ತಾನು ಹಳೆಯ ಯಜಮಾನನ ಮನೆಯಲ್ಲೇ ಇದ್ದೇನೆಂಬ ಭ್ರಮೆ. ವಿದ್ಯೆ ಹೊಸದಲ್ಲ. 1964ರಲ್ಲಿ ಐ.ಬಿ.ಎಂ. ಕಂಪನಿ ಸಿಸ್ಟಮ್ 360 ಎಂಬ ಹೊಸ ಕಂಪ್ಯೂಟರುಗಳನ್ನು ಪ್ರಕಟಿಸಿದಾಗ, ಗಿರಾಕಿಗಳು ಹಳೆಯ 1401 ಯಂತ್ರದ ಲೆಕ್ಕಪತ್ರಗಳನ್ನು ಬಿಟ್ಟು ಬರಲಾರರೆಂದು ತಿಳಿದು, ಹೊಸದರಿಂದ ಹಳೆಯದರ ವೇಷವನ್ನು ಹಾಕಿಸಿತ್ತು.

ವೇಷ ಸುಲಭವಲ್ಲ. ಫ್ಯಾಮಿಕಾಮಿನ ಮಿದುಳು ಸೆಕೆಂಡಿಗೆ ಸುಮಾರು 17 ಲಕ್ಷ 90 ಸಾವಿರ ಹೆಜ್ಜೆ ಹಾಕುತ್ತಿತ್ತು. ಅದು ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರ ಬರೆಯುವ ಚಿಪ್ಪು ಪರದೆಯ ಮೇಲೆ ಮೂರು ಚುಕ್ಕೆಗಳನ್ನು ಮುಗಿಸುತ್ತಿತ್ತು. ಈ ತಾಳ ತಪ್ಪಿದರೆ ಕೆಲವು ಆಟಗಳಲ್ಲಿ ಚಿತ್ರ ಅದುರುತ್ತದೆ, ಕೆಲವು ನಿಂತೇಹೋಗುತ್ತವೆ. ಸಾಲದ್ದಕ್ಕೆ, ಮುಂದಿನ ವರ್ಷಗಳ ಕ್ಯಾಸೆಟ್ಟುಗಳು ತಮ್ಮ ಹೊಟ್ಟೆಯಲ್ಲೇ ಹೆಚ್ಚಿನ ಚಿಪ್ಪುಗಳನ್ನು ಹೊತ್ತು ಬಂದವು. ವೇಷದವನು ಅವನ್ನೂ ಕಲಿಯಬೇಕು. 1996–97ರ ಹೊತ್ತಿಗೆ ಐನೆಸ್, ನೆಸ್ಟಿಕಲ್ ಎಂಬ ತಂತ್ರಾಂಶಗಳು ಸಾಮಾನ್ಯ ಕಂಪ್ಯೂಟರಿನಲ್ಲಿ ಇದನ್ನು ಸಾಧಿಸಿದ್ದವು. ಒಂದು ವಿಷಯದಲ್ಲಿ ಮಾತ್ರ ವೇಷ ಸೋಲುತ್ತದೆ. ಬಾತುಕೋಳಿಗೆ ಗುರಿಯಿಡುವ ಆ ಪ್ಲಾಸ್ಟಿಕ್ ಬಂದೂಕು ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನಿನ ಮಿನುಗನ್ನೇ ನಂಬಿದ್ದು. ಇಂದಿನ ಚಪ್ಪಟೆ ಪರದೆಯ ಮುಂದೆ ಅಸಲಿ ಯಂತ್ರವಿದ್ದರೂ ಅದು ಕುರುಡು.

ಈಗ ನ್ಯಾಯದ ಮಾತು. ವೇಷ ಕಟ್ಟುವುದು ಅಪರಾಧವಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಹೇಳಿತು. ಕನೆಕ್ಟಿಕ್ಸ್ ಎಂಬ ಕಂಪನಿ ಸೋನಿಯವರ ಪ್ಲೇಸ್ಟೇಷನ್ ಯಂತ್ರವನ್ನು ಅನುಕರಿಸಿತ್ತು. ಅದು ಕ್ಯಾಸೆಟ್ಟಿನದಲ್ಲ, ಸಿ.ಡಿ.ಯದು, ಅದರೊಳಗೆ ಸೋನಿಯವರದೇ ಒಂದು ಮೂಲ ತಂತ್ರಾಂಶವಿತ್ತು. ಅದನ್ನು ಅಭ್ಯಾಸಕ್ಕಾಗಿ ನಕಲಿಸಿದ್ದು ತಪ್ಪಲ್ಲ, ಮಾರಿದ ವಸ್ತುವಿನಲ್ಲಿ ಸೋನಿಯವರ ಒಂದಕ್ಷರವೂ ಇಲ್ಲವಲ್ಲ, ಎಂದಿತು ನ್ಯಾಯಪೀಠ. ಗೆದ್ದವರ ಸೊತ್ತನ್ನು ಸೋತವರು 2001ರಲ್ಲಿ ಕೊಂಡು ಮುಚ್ಚಿಬಿಟ್ಟರು ಎಂಬುದು ಬೇರೆ ಕಥೆ. ಫ್ಯಾಮಿಕಾಮಿನ ಮಟ್ಟಿಗೆ ಈ ತೊಡಕೂ ಇಲ್ಲ. ಅದರ ಹೊಟ್ಟೆ ಬರಿದು, ತಂತ್ರಾಂಶವೆಲ್ಲ ಕ್ಯಾಸೆಟ್ಟಿನದೇ.

ಇದಕ್ಕೆ ಎಂಟು ವರ್ಷ ಹಿಂದಿನ ಇನ್ನೊಂದು ವ್ಯಾಜ್ಯ ಕೇಳಲು ಹೆಚ್ಚು ಸ್ವಾರಸ್ಯ. ತಾನು ಒಪ್ಪದ ಕ್ಯಾಸೆಟ್ಟುಗಳು ಓಡದಂತೆ ನಿಂಟೆಂಡೊ ತನ್ನ ಅಮೆರಿಕದ ಪೆಟ್ಟಿಗೆಯಲ್ಲೊಂದು, ಕ್ಯಾಸೆಟ್ಟಿನಲ್ಲೊಂದು ಬೀಗದ ಚಿಪ್ಪನ್ನಿಟ್ಟಿತ್ತು. ಎರಡೂ ಗುಟ್ಟಿನ ಮಾತಾಡಿಕೊಂಡು ಒಪ್ಪಿದರೆ ಮಾತ್ರ ಆಟ. ಅಟಾರಿ ಗೇಮ್ಸ್ ಕಂಪನಿಯವರು ಚಿಪ್ಪಿನ ಪದರಗಳನ್ನು ರಾಸಾಯನಿಕದಿಂದ ಸುಲಿದು ಸೂಕ್ಷ್ಮದರ್ಶಕದಡಿ ಓದಲು ಹೆಣಗಿದರು. ಸಾಲದೆಹೋಗಲು 1988ರಲ್ಲಿ ಅವರ ವಕೀಲರು ವಾಷಿಂಗ್ಟನ್ನಿನ ಕೃತಿಸ್ವಾಮ್ಯ ಕಚೇರಿಗೆ ಹೋಗಿ, ಇರದ ಮೊಕದ್ದಮೆಯನ್ನು ಇದೆಯೆಂದು ಹೇಳಿ, ಬೀಗದ ತಂತ್ರಾಂಶದ ಪ್ರತಿಯನ್ನೇ ಪಡೆದರು. 1992ರ ತೀರ್ಪು ಓದಬೇಕಾದದ್ದು: ಯಂತ್ರವನ್ನು ಬಿಚ್ಚಿ ತಿಳಿಯುವುದು ನ್ಯಾಯವಾದ ಬಳಕೆಯಾಗಬಹುದು, ಆದರೆ ಕದ್ದ ಪ್ರತಿಯಿಂದ ತಿಳಿಯುವವನಿಗೆ ಆ ರಕ್ಷೆಯಿಲ್ಲ. ಸುಲಿಯುತ್ತಲೇ ಇದ್ದಿದ್ದರೆ ಬಚಾವಾಗುತ್ತಿದ್ದರೋ ಏನೋ!

ಹೀಗೆ ಯಂತ್ರದ ಬಾಗಿಲು ತೆರೆದಿದೆ. ಪೇಟೆಂಟುಗಳೂ 20 ವರ್ಷದ ಆಯುಸ್ಸು ಮುಗಿಸಿ ಎಂದೋ ತೀರಿವೆ. ಆಟದ ಬಾಗಿಲಿಗೆ ಮಾತ್ರ ಬೀಗ ಭದ್ರ. ಕಂಪನಿಯ ಹೆಸರಿನ ಕೃತಿಗೆ ಅಮೆರಿಕದಲ್ಲಿ ಪ್ರಕಟವಾದಂದಿನಿಂದ 95 ವರ್ಷ ಕೃತಿಸ್ವಾಮ್ಯ. 1985ರ ಮಾರಿಯೋ 2080ರ ಕೊನೆಯವರೆಗೂ ಒಡೆಯನ ಸೊತ್ತು. ಮಾರಿಯೋನನ್ನಾದರೂ ಒಡೆಯ ಈಗಲೂ ಮಾರುತ್ತಾನೆ. ಮಾರುವವರೇ ಇಲ್ಲದ ಆಟಗಳ ಗತಿ? 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87 ಇಂದು ಪೇಟೆಯಲ್ಲಿ ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತು. ಗ್ರಂಥಾಲಯಗಳು ಇಂಥವನ್ನು ದೂರದ ಸಂಶೋಧಕರಿಗೆ ಅಂತರ್ಜಾಲದಲ್ಲಿ ತೋರಿಸಲು ಕೇಳಿದ ಅನುಮತಿಯನ್ನು 2024ರಲ್ಲಿ ಅಮೆರಿಕದ ಅಧಿಕಾರಿಗಳು ನಿರಾಕರಿಸಿದರು. ಕಾನೂನು 95 ವರ್ಷ ಕಾಯಬಲ್ಲುದು. ಆಡಿದವನ ಪ್ರಗತಿಯನ್ನು ನೆನಪಿಟ್ಟುಕೊಳ್ಳಲು ಕ್ಯಾಸೆಟ್ಟಿನೊಳಗೆ ಬೆಸೆದ ಗುಂಡಿಯಂಥ ಬ್ಯಾಟರಿ ಕಾಯಲಾರದು. ಕದ್ದು ನಕಲಿಸಿದವರಿಂದಲೇ ಕೆಲವು ಆಟಗಳು ಉಳಿದಿವೆ ಎನ್ನಲು ನನಗೆ ಸಂತೋಷವೇನಿಲ್ಲ, ಆದರೆ ನಿಜ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿ, ಕಂಪ್ಯೂಟರ್ ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವನು ನಷ್ಟ-ನಾಶಗಳಿಂದ ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಕೊಳ್ಳಲು ಅವಕಾಶವಿತ್ತಿದೆ. 1999ರ ತಿದ್ದುಪಡಿ, ತಂತ್ರಾಂಶವನ್ನು ಪರೀಕ್ಷಿಸಿ ಅದರ ತತ್ತ್ವ ತಿಳಿಯಲೂ ಎಡೆಮಾಡಿತು. ಆದ್ದರಿಂದ ನಿಮ್ಮದೇ ಅಸಲಿ ಕ್ಯಾಸೆಟ್ಟನ್ನು ನೀವೇ ಓದಿ ಒಂದು ಪ್ರತಿ ಇಟ್ಟುಕೊಂಡರೆ ಈ ವಿಧಿಯ ಆಸರೆಯನ್ನು ಕೇಳಬಹುದು. ಅಂತರ್ಜಾಲದಿಂದ ಇಳಿಸಿಕೊಂಡದ್ದಕ್ಕೆ ಆ ಆಸರೆಯಿಲ್ಲ, ಮನೆಯಲ್ಲಿ ಕ್ಯಾಸೆಟ್ ಇದೆಯೆಂಬ ಸಬೂಬು ಅಲ್ಲಿ ನಡೆಯಲಾರದು. ಇನ್ನು ನಿಮ್ಮ ಅಟ್ಟದಲ್ಲಿರುವುದು ‘ಒಂದರಲ್ಲಿ 9999 ಆಟ’ ಎಂಬ ಚೀಟಿಯ ಡಬ್ಬಿಯಾದರೆ ಪೇಚು ಇನ್ನೊಂದು ಬಗೆಯದು. ಅದು ಹುಟ್ಟಿನಿಂದಲೇ ಕಳ್ಳಪ್ರತಿ. ಆಟಗಳೂ ಅಷ್ಟಿರುವುದಿಲ್ಲ, ಬೆರಳೆಣಿಕೆಯವೇ ಹೆಸರು ಬದಲಿಸಿ ಮರಳಿ ಬರುತ್ತವೆ.

ಯಾವುದೇ ಇರಲಿ, ಕೆಳಗಿಳಿಸಿದಾಗ ಹಿಂದಿನಂತೆ ಬಾಯಿಟ್ಟು ಊದಬೇಡಿ. ಉಸಿರಿನ ತೇವ ಹಲ್ಲುಗಳನ್ನು ತಿನ್ನುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ಸೋಕಿಸಿ ಮೆಲ್ಲನೆ ಒರಸಿ, ಚೆನ್ನಾಗಿ ಒಣಗಿದ ಮೇಲೆ ಹಾಕಿ ನೋಡಿ.